ಅಮಲಿನ ಅಪಮೃತ್ಯುವೂ ಸಮಾಜದ ಹೊಣೆಯೂ

ಊರಿನಲ್ಲಿ ಒಬ್ಬನು ಕುಡಿದು ಸತ್ತನೆಂದೋ, ಮಾತ್ರೆ ನುಂಗಿ ಸತ್ತನೆಂದೋ, ಸೂಜಿ ಚುಚ್ಚಿಕೊಂಡು ಸತ್ತನೆಂದೋ ಸುದ್ದಿ ಹಬ್ಬಿದಾಗ, ಕಟ್ಟೆಯ ಮೇಲೆ ಕುಳಿತವರ ಬಾಯಿಂದ ಮೊದಲು ಹೊರಡುವ ಮಾತು ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು. ಆ ಮಾತನ್ನು ಆಡುವವರನ್ನು ಕ್ರೂರಿಗಳೆನ್ನಲಾಗದು. ಸತ್ತವನ ಮನೆಗೆ ಹೋಗಿ ಚಟ್ಟಕ್ಕೆ ಹೆಗಲು ಕೊಡುವವರೂ ಅವರೇ. ಆದರೂ ಆ ಮಾತಿನೊಳಗೆ ಒಂದು ತೀರ್ಪು ಅಡಗಿರುವುದು: ಸಾವಿಗೆ ಕಾರಣ ಅವನ ಚಟ, ಚಟಕ್ಕೆ ಕಾರಣ ಅವನ ಬುದ್ಧಿ, ಅವನ ಬುದ್ಧಿಗೆ ನಾವು ಹೊಣೆಯಲ್ಲ ಎಂಬ ತೀರ್ಪು. ಆ ತೀರ್ಪನ್ನು ಪುನಃ ಪರಿಶೀಲನೆಗೆ ಒಡ್ಡುವುದೇ ಈ ಲೇಖನದ ಉದ್ದೇಶ. ಅಮಲು ಪದಾರ್ಥವು ಮನುಷ್ಯನನ್ನು ಕೊಲ್ಲಬಲ್ಲದೆಂಬುದು ನಿರ್ವಿವಾದ. ಆದರೆ ಒಂದೇ ಪದಾರ್ಥವನ್ನು ಸೇವಿಸಿದ ಹತ್ತು ಜನರಲ್ಲಿ ಸಾಯುವವನಾರು, ಬದುಕುವವನಾರು ಎಂಬುದನ್ನು ನಿರ್ಣಯಿಸುವಲ್ಲಿ ಅವನು ಎಲ್ಲಿ ಸೇವಿಸಿದನು, ಯಾರೊಡನೆ ಸೇವಿಸಿದನು, ಯಾವ ಭಯದಿಂದ ಮರೆಗೆ ಸರಿದನು, ಕುಸಿದಾಗ ಪಕ್ಕದಲ್ಲಿ ಯಾರಿದ್ದರು, ಆಸ್ಪತ್ರೆ ಎಷ್ಟು ದೂರವಿತ್ತು ಎಂಬ ಸಂಗತಿಗಳಿಗೆ ನಾವೆಣಿಸಿರುವುದಕ್ಕಿಂತ ಬಹಳ ದೊಡ್ಡ ಪಾತ್ರವಿದೆ ಎಂಬುದೂ, ಆ ಸಂಗತಿಗಳನ್ನು ತಿದ್ದುವ ಸಾಮರ್ಥ್ಯ ಸಮಾಜಕ್ಕೆ ಇರುವುದರಿಂದ ಆ ಸಾವಿನ ಹೊಣೆಯಲ್ಲಿಯೂ ಅದಕ್ಕೆ ಪಾಲುಂಟೆಂಬುದೂ ನಾನು ಇಲ್ಲಿ ಪ್ರತಿಪಾದಿಸಬಯಸುವ ವಿಷಯ.

ಮೊದಲು ಶರೀರಶಾಸ್ತ್ರದ ಮಾತನ್ನೇ ಎತ್ತಿಕೊಳ್ಳೋಣ. ಅಫೀಮಿನಿಂದ ಹುಟ್ಟಿದ ಮಾರ್ಫಿನ್, ಹೆರಾಯಿನ್ ಮೊದಲಾದವುಗಳೂ, ಅವುಗಳ ಗುಣವನ್ನೇ ಹೊತ್ತ ಕೆಲವು ತೀವ್ರವಾದ ನೋವುನಿವಾರಕ ಮಾತ್ರೆಗಳೂ ಮಿದುಳಿನ ಬುಡದಲ್ಲಿದ್ದು ಉಸಿರಾಟವನ್ನು ನಡೆಸುವ ಕೇಂದ್ರವನ್ನು ಮಂಕುಗೊಳಿಸುತ್ತವೆ. ಪ್ರಮಾಣ ಮೀರಿದಾಗ ಉಸಿರು ನಿಧಾನವಾಗುವುದು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುವುದು, ತುಟಿಯೂ ಉಗುರೂ ನೀಲಿಗಟ್ಟುವುವು, ಕೊನೆಗೆ ಉಸಿರೇ ನಿಂತುಹೋಗುವುದು. ಆದರೆ ಮೀರಬಾರದ ಆ ಪ್ರಮಾಣವು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. ದಿನವೂ ಸೇವಿಸುವವನ ಶರೀರವು ಕ್ರಮೇಣ ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಸಂಪಾದಿಸುವುದು. ಕೆಲವು ವಾರಗಳ ಕಾಲ ಬಿಟ್ಟವನು ಆ ಶಕ್ತಿಯನ್ನು ಕಳೆದುಕೊಳ್ಳುವನು. ಅದರೊಡನೆ ಮದ್ಯವೋ, ನಿದ್ರೆಯ ಮಾತ್ರೆಯೋ ಸೇರಿತೆಂದರೆ, ಪ್ರತ್ಯೇಕವಾಗಿ ತೆಗೆದುಕೊಂಡಾಗ ಪ್ರಾಣಕ್ಕೆ ಎರವಾಗದಿದ್ದ ಎರಡು ಪದಾರ್ಥಗಳು ಕೂಡಿ ಉಸಿರನ್ನು ಅಡಗಿಸಬಲ್ಲವು. ಆದುದರಿಂದ ‘ಅತಿಯಾಗಿ ತೆಗೆದುಕೊಂಡನು, ಸತ್ತನು’ ಎಂಬ ವಾಕ್ಯವು ಹೊರನೋಟಕ್ಕೆ ಪೂರ್ಣವಾಗಿ ಕಂಡರೂ, ನಿನ್ನೆ ಅತಿಯಾಗದಿದ್ದುದು ಇಂದು ಏಕೆ ಅತಿಯಾಯಿತೆಂಬ ಮುಖ್ಯ ಪ್ರಶ್ನೆಯನ್ನು ಹಾಗೆಯೇ ಉಳಿಸುತ್ತದೆ.

ಆ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರಗಳಲ್ಲಿ ಒಂದು ವಿಸ್ಮಯಕರವಾದುದು. ಕೆನಡಾ ದೇಶದ ಶೆಪರ್ಡ್ ಸೀಗಲ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಸಹೋದ್ಯೋಗಿಗಳೂ 1982ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವು ಇಲಿಗಳಿಗೆ ಹೆರಾಯಿನ್ನನ್ನು ಕ್ರಮಕ್ರಮವಾಗಿ ಅಭ್ಯಾಸಮಾಡಿಸಿ, ಬಳಿಕ ಅಭ್ಯಾಸವಿಲ್ಲದವೂ ಸೇರಿ ಎಲ್ಲಕ್ಕೂ ಒಂದೇ ದೊಡ್ಡ ಪ್ರಮಾಣವನ್ನು ಕೊಟ್ಟರು. ಅಭ್ಯಾಸವೇ ಇಲ್ಲದ ಇಲಿಗಳಲ್ಲಿ ನೂರಕ್ಕೆ 96 ಸತ್ತವು. ಅಭ್ಯಾಸವಾಗಿದ್ದು, ಅಭ್ಯಾಸವಾದ ಕೋಣೆಯಲ್ಲಿಯೇ ಆ ಪ್ರಮಾಣವನ್ನು ಪಡೆದವುಗಳಲ್ಲಿ ಸತ್ತವು ನೂರಕ್ಕೆ 32 ಮಾತ್ರ. ಅಷ್ಟೇ ಅಭ್ಯಾಸವಿದ್ದೂ ಬೇರೊಂದು ಕೋಣೆಯಲ್ಲಿ, ಹೊಸ ಸನ್ನಿವೇಶದಲ್ಲಿ ಅದನ್ನು ಪಡೆದ ಇಲಿಗಳಲ್ಲಿ ನೂರಕ್ಕೆ 64 ಸತ್ತವು. ಮದ್ದು ಒಂದೇ, ಮೊತ್ತ ಒಂದೇ, ಅಭ್ಯಾಸವೂ ಒಂದೇ. ಬದಲಾದುದು ಕೋಣೆ ಮಾತ್ರ, ಆದರೂ ಸಾವು ಇಮ್ಮಡಿಯಾಯಿತು. ಪರಿಚಿತವಾದ ಸ್ಥಳದಲ್ಲಿ ಶರೀರವು ಬರಲಿರುವ ಆಘಾತಕ್ಕೆ ಮುಂಚೆಯೇ ಸಿದ್ಧವಾಗುವುದೆಂದೂ, ಅಪರಿಚಿತವಾದಲ್ಲಿ ಆ ಸಿದ್ಧತೆ ಇರದೆಂದೂ ಅವರು ಇದನ್ನು ವಿವರಿಸಿದರು. ಮನುಷ್ಯನು ಇಲಿಯಲ್ಲವೆಂಬುದು ನಿಜ. ಆದರೆ ಪೊಲೀಸರ ಭಯದಿಂದ ದಿನಕ್ಕೊಂದು ಪಾಳುಗೋಡೆಯ ಹಿಂದೆ, ರೈಲ್ವೆ ಹಳಿಯ ಬದಿಯಲ್ಲಿ, ಕಟ್ಟುತ್ತಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಅವಸರದಿಂದ ಸೂಜಿ ಚುಚ್ಚಿಕೊಳ್ಳುವವನಿಗೆ ಎರಗುವ ಅಪಾಯವನ್ನು ನೆನೆದಾಗ, ಸ್ಥಳವೆಂಬುದು ಮನುಷ್ಯನ ಹೊರಗಷ್ಟೇ ಇರುವ ವಸ್ತುವೆಂದು ಹೇಳುವ ಧೈರ್ಯ ಬಾರದು.

ಇದಕ್ಕಿಂತಲೂ ನೇರವಾದ ಸಾಕ್ಷ್ಯ ಸೆರೆಮನೆಯಿಂದ ಬಂದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರನ್ನು ಕುರಿತು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಮಾದಕದ್ರವ್ಯದ ಅತಿಸೇವನೆಯಿಂದ ಸಾಯುವ ಸಂಭವವು ಸಾಮಾನ್ಯ ಜನರದಕ್ಕಿಂತ 129 ಪಟ್ಟು ಹೆಚ್ಚಾಗಿತ್ತು. ಒಳಗಿದ್ದ ಕಾಲದಲ್ಲಿ ಶರೀರವು ತಾಳಿಕೆಯನ್ನು ಕಳೆದುಕೊಂಡಿತು, ಆದರೆ ಮನಸ್ಸು ಹಳೆಯ ಅಳತೆಯನ್ನು ಮರೆತಿರಲಿಲ್ಲ. ಹೊರಗೆ ಬಂದರೆ ಕೆಲಸವಿಲ್ಲ, ಮನೆಯವರು ಬಾಗಿಲು ತೆರೆಯರು, ಹತ್ತಿರ ಸೇರಿಸುವವರು ಹಳೆಯ ಗೆಳೆಯರು ಮಾತ್ರ. ಶಿಕ್ಷೆಯೆಂದು ನಾವು ಭಾವಿಸಿದ ವ್ಯವಸ್ಥೆಯೇ ಮರಣದ ಪೂರ್ವಸಿದ್ಧತೆಯಾಗಿ ಪರಿಣಮಿಸಿದ್ದು ಹೀಗೆ. ನಮ್ಮ ಗ್ರಾಮಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಸೆರೆಮನೆಗಳಲ್ಲ, ಪ್ರೀತಿಯಿಂದ ನಡೆಯುವಂತಹವು. ಆದರೂ ಶಿಬಿರ ಮುಗಿಸಿ, ಹಾರ ಹಾಕಿಸಿಕೊಂಡು, ಮನೆಗೆ ಬಂದವನ ಮುಂದಿನ ಕೆಲವು ವಾರಗಳು ಅವನ ಜೀವಮಾನದ ಅತ್ಯಂತ ದುರ್ಬಲವಾದ ವಾರಗಳೆಂಬುದನ್ನು ಶರೀರಧರ್ಮವು ಇಲ್ಲಿಯೂ ನೆನಪಿಸುತ್ತಿರುವುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಶಿಬಿರದಲ್ಲಿ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳೆಂಬ ಹೆಸರಿನಲ್ಲಿ ಒಂದುಗೂಡಿಸಿರುವುದರ ಮರ್ಮವನ್ನು ಈ ದೃಷ್ಟಿಯಿಂದ ಅರಿಯಬೇಕು: ಬಿಡಿಸುವುದಕ್ಕಿಂತ ಬಿಟ್ಟವನ ಜೊತೆಗಿರುವುದು ಕಷ್ಟವಾದ ಕೆಲಸ, ಪ್ರಾಣವನ್ನು ಉಳಿಸುವುದೂ ಅದೇ.

ಇಂತಹ ಸಾವಿಗೆ ಇನ್ನೊಂದು ಕಾರಣ, ಸೇವಿಸುವವನಿಗೆ ತಾನು ಸೇವಿಸುತ್ತಿರುವುದೇನೆಂಬುದು ತಿಳಿಯದಿರುವಿಕೆ. ಈ ವಿಷಯದಲ್ಲಿ ಕರ್ನಾಟಕವು ದೂರದ ದೇಶಗಳ ದೃಷ್ಟಾಂತವನ್ನು ಅರಸಿ ಹೋಗಬೇಕಾದ ಅಗತ್ಯವಿಲ್ಲ. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿಯೂ, ಕೋಲಾರದ ಕಡೆಯಲ್ಲಿಯೂ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಕಳ್ಳಬಟ್ಟಿಗೆ ಬಲಿಯಾದವರು ನೂರೈವತ್ತಕ್ಕೆ ಕಡಿಮೆಯಿಲ್ಲ. 2024ರ ಜೂನ್ ತಿಂಗಳಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಹೀಗೆಯೇ ಸತ್ತರು. ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಿದುದು 2007ರ ಜುಲೈ 1ರಂದು. ಅದಾದ ಹನ್ನೊಂದನೆಯ ತಿಂಗಳಿಗೆ 2008ರ ದುರಂತ ಸಂಭವಿಸಿದುದನ್ನು ಕಂಡು ನಿಷೇಧವೇ ಸಾವಿಗೆ ಕಾರಣವೆಂದು ವಾದಿಸಿದವರುಂಟು. ಆದರೆ 1981ರಲ್ಲಿ ಸಾರಾಯಿ ಅಂಗಡಿಗಳು ಸರ್ಕಾರದ ಪರವಾನಗಿಯಿಂದಲೇ ತೆರೆದಿದ್ದವಲ್ಲವೆ? ನಿಷೇಧವಿಲ್ಲದಾಗಲೂ ಸಾವು, ನಿಷೇಧವಿದ್ದಾಗಲೂ ಸಾವು ಎಂದಮೇಲೆ ಎರಡು ಕಾಲಕ್ಕೂ ಸಮಾನವಾಗಿದ್ದ ಅಂಶವನ್ನು ಹುಡುಕಬೇಕು. ಸತ್ತವರಲ್ಲಿ ಬಹುಪಾಲು ಜನ ದಿನಗೂಲಿಯವರು, ಕೊಳೆಗೇರಿಯವರು, ಕಡಿಮೆ ಬೆಲೆಗೆ ಸಿಕ್ಕುವುದನ್ನಲ್ಲದೆ ಬೇರೊಂದನ್ನು ಕೊಳ್ಳಲಾರದವರು ಎಂಬುದೇ ಆ ಅಂಶ. ಕಾರ್ಖಾನೆಯ ಬಳಕೆಗೆಂದು ತಯಾರಾಗುವ ಮೆಥನಾಲ್ ಅಗ್ಗವಾದುದು. ಬಣ್ಣದಲ್ಲಿಯೂ ವಾಸನೆಯಲ್ಲಿಯೂ ಅದು ಕುಡಿಯುವ ಮದ್ಯಸಾರವನ್ನೇ ಹೋಲುವುದು. ಆ ಅಗ್ಗದ ಲೋಭಕ್ಕೆ ಮಾರುವವನು ಬಿದ್ದನು, ಅಗ್ಗದ ಅನಿವಾರ್ಯತೆಗೆ ಕುಡಿಯುವವನು ಬಿದ್ದನು. ವಿಷವು ಬಡತನದ ದಾರಿಯಲ್ಲಿ ಬಂದಿತು.

ಈ ಸಾವು ಹೇಗೆ ಬರುವುದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಶ್ಯಕ. ಏಕೆಂದರೆ ವಿಷಕ್ಕಿಂತ ವಿಳಂಬವೇ ಹೆಚ್ಚು ಜನರನ್ನು ಕೊಲ್ಲುವ ಬಗೆ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಮೆಥನಾಲ್ ಹೊಟ್ಟೆಗೆ ಹೋದ ಕೂಡಲೆ ಕೊಲ್ಲುವುದಿಲ್ಲ. ಯಕೃತ್ತು ಅದನ್ನು ಮೆಲ್ಲಮೆಲ್ಲನೆ ಫಾರ್ಮಿಕ್ ಆಮ್ಲವಾಗಿ ಪರಿವರ್ತಿಸುವುದು. ಅದಕ್ಕೆ ಅರ್ಧ ದಿನವೋ ಒಂದು ದಿನವೋ ಹಿಡಿಯುವುದು. ಕುಡಿದವನು ರಾತ್ರಿ ಎಂದಿನಂತೆ ಮನೆಗೆ ಬರುವನು, ಮಲಗುವನು. ಮರುದಿನ ಹೊಟ್ಟೆ ತೊಳಸುವುದು, ತಲೆ ಸಿಡಿಯುವುದು. ‘ಕಣ್ಣು ಮಂಜಾಗ್ತಾ ಐತೆ’ ಎನ್ನುವನು. ಮನೆಯವಳು, ‘ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ಲ, ಮಲ್ಕೋ’ ಎಂದು ಮಜ್ಜಿಗೆ ಕೊಡುವಳು, ನಿಂಬೆಹಣ್ಣು ಹಿಂಡುವಳು. ಆಸ್ಪತ್ರೆಗೆ ಹೋಗೋಣವೆಂದರೆ ಕಳ್ಳಬಟ್ಟಿ ಕುಡಿದೆನೆಂದು ಹೇಳಬೇಕಾಗುವುದು, ಹೇಳಿದರೆ ಪೊಲೀಸರು ಬರುವರು, ಕೊಟ್ಟವನು ಊರಿನವನೇ ಆಗಿರುವನು. ಹೀಗೆ ಸಂಕೋಚ, ಭಯ, ಅಜ್ಞಾನ ಈ ಮೂರರ ನಡುವೆ ಹೊತ್ತು ಕಳೆಯುವುದು. ಆ ಹೊತ್ತಿನಲ್ಲಿ ಆಮ್ಲವು ಕಣ್ಣಿನ ನರವನ್ನು ಸುಡುತ್ತಿರುವುದು. ಸಕಾಲದಲ್ಲಿ ತಲುಪಿದವನಿಗೆ ಪ್ರತಿವಿಷವುಂಟು, ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಉಂಟು. ಕಣ್ಣೂ ಉಳಿಯಬಹುದು, ಪ್ರಾಣವೂ ಉಳಿಯಬಹುದು. ವೈದ್ಯಶಾಸ್ತ್ರಕ್ಕೆ ಮದ್ದು ಗೊತ್ತಿದ್ದೂ ರೋಗಿ ಸತ್ತನೆಂದರೆ ಆ ಸಾವನ್ನು ಬರಿಯ ವಿಷದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಅಫೀಮು ಜಾತಿಯ ಮಾದಕಗಳಲ್ಲಿಯೂ ಇಂತಹುದೇ ಒಂದು ಭ್ರಾಂತಿಯುಂಟು. ಅತಿಯಾಗಿ ಸೇವಿಸಿದವನು ಮಲಗಿ ಗೊರಕೆ ಹೊಡೆಯುತ್ತಿರುವನು. ಗಂಟಲಿನಲ್ಲಿ ಗೊರಗೊರ ಸದ್ದಾಗುತ್ತಿರುವುದು. ‘ಗಾಢನಿದ್ರೆ ಬಂದಿದೆ, ಮಲಗಲಿ ಬಿಡು’ ಎಂದು ಗೆಳೆಯರು ಎದ್ದು ಹೋಗುವರು. ಅದು ನಿದ್ರೆಯ ಗೊರಕೆಯಲ್ಲ. ಗಾಳಿಯ ದಾರಿ ಕಟ್ಟಿಕೊಂಡು ಉಸಿರು ಸೋಲುತ್ತಿರುವ ಸದ್ದು. ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಪ್ರಜ್ಞೆಯಿಲ್ಲದವನ ಬಾಯಿಗೆ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಹೊಯ್ಯದೆ, ಕೂಡಲೆ 108ಕ್ಕೆ ಕರೆಮಾಡಿದರೆ ಬದುಕುವ ಸಂಭವವಿದೆ. ನಲಾಕ್ಸೋನ್ ಎಂಬ ಔಷಧವು ಕೆಲವೇ ನಿಮಿಷಗಳಲ್ಲಿ ನಿಂತ ಉಸಿರನ್ನು ಮರಳಿ ತರಬಲ್ಲದು. ಅದರ ಪ್ರಭಾವ ಅಲ್ಪಕಾಲದ್ದಾದ್ದರಿಂದ ಆಸ್ಪತ್ರೆಯ ನಿಗಾ ಮಾತ್ರ ತಪ್ಪಬಾರದು. ಇಂತಹ ಪ್ರಸಂಗಗಳಿಗೆ ಸಾಕ್ಷಿಗಳಾಗುವ ಸಾಮಾನ್ಯ ಜನರ ಕೈಗೂ ಈ ಔಷಧ ಎಟುಕುವಂತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿಯೇ ಸಲಹೆಮಾಡಿತು. ಆದರೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಯಾವ ಔಷಧ ಏನು ಮಾಡೀತು? ಒಂಟಿಯಾಗಿ ಸೇವಿಸುವುದೇ ಅತಿಸೇವನೆಯ ಸಾವಿನ ಅತಿದೊಡ್ಡ ಕಾರಣಗಳಲ್ಲೊಂದು. ಮನುಷ್ಯನನ್ನು ಒಂಟಿಯಾಗಿಸುವುದು ಮುಖ್ಯವಾಗಿ ಅವಮಾನದ ಮತ್ತು ಬಂಧನದ ಭಯ.

ಈ ತತ್ತ್ವಗಳನ್ನು ನಮ್ಮ ನೆಲಕ್ಕೆ ಇಳಿಸಿ ನೋಡೋಣ. ಜಗಳೂರು ತಾಲ್ಲೂಕಿನ ಬಿಳಿಚೋಡು ಬಯಲುಸೀಮೆಯ ಊರು. ಅದೇ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿಗಳ ಕಡೆ ಭದ್ರೆಯ ಕಾಲುವೆಯೂ ಅಡಕೆಯ ತೋಟವೂ ಕಣ್ಣಿಗೆ ಹಸಿರನ್ನು ತೋರಿದರೆ, ಇಲ್ಲಿ ರೈತನು ಮೆಕ್ಕೆಜೋಳವನ್ನೋ, ಶೇಂಗಾವನ್ನೋ, ಈರುಳ್ಳಿಯನ್ನೋ ಬಿತ್ತಿ ಮುಗಿಲು ನೋಡುವನು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಿನಲ್ಲಿ ಬಿಟ್ಟು, ಗಂಡಹೆಂಡಿರು ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವುದು ಈ ಸೀಮೆಗೆ ಹೊಸದಲ್ಲ. ಒಂದು ಕಾಲದಲ್ಲಿ ಹಳ್ಳಿಯ ಹುಡುಗನಿಗೆ ದಾವಣಗೆರೆಯ ಹತ್ತಿ ಗಿರಣಿಯಾದರೂ ಇತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಆ ನಗರದ ಗಿರಣಿಗಳು ಒಂದೊಂದಾಗಿ ಮುಚ್ಚಿದ ಬಳಿಕ ಆ ಆಸರೆಯೂ ತಪ್ಪಿತು. ಗುಳೆ ಹೋದವನ ಬದುಕನ್ನು ಊಹಿಸಿಕೊಳ್ಳಿರಿ: ತಗಡಿನ ಶೆಡ್ಡು, ಮೈಮುರಿಯುವ ದುಡಿಮೆ, ನೋವಿಗೆ ಮೇಸ್ತ್ರಿಯ ಕಡೆಯ ಯಾರೋ ಕೊಟ್ಟ ಮಾತ್ರೆ, ನಿದ್ರೆಗೆ ಒಂದು ಕ್ವಾರ್ಟರ್, ಬೈಯುವುದಕ್ಕೂ ತಡೆಯುವುದಕ್ಕೂ ಹತ್ತಿರದಲ್ಲಿ ಸ್ವಂತದವರೊಬ್ಬರೂ ಇಲ್ಲದ ರಾತ್ರಿ. ಊರಿನಲ್ಲಿದ್ದಾಗ ಅಣ್ಣನ ಕಣ್ಣಿಗೆ ಬೀಳುವೆನೆಂಬ ಅಂಜಿಕೆಯೇ ಅವನ ಕುಡಿತಕ್ಕೆ ಒಂದು ಎಲ್ಲೆಯನ್ನು ಹಾಕಿತ್ತು. ಅಲ್ಲಿ ಆ ಎಲ್ಲೆಯಿಲ್ಲ, ಕುಸಿದರೆ ಎತ್ತುವ ಕೈಯೂ ಇಲ್ಲ.

ಇಂತಹ ಸನ್ನಿವೇಶವು ಚಟವನ್ನು ಹುಟ್ಟಿಸುವುದೆಂಬುದಕ್ಕೂ, ಸನ್ನಿವೇಶ ಬದಲಾದರೆ ಚಟವೂ ಸಡಿಲಬಲ್ಲುದೆಂಬುದಕ್ಕೂ ಒಂದು ಪ್ರಸಿದ್ಧವಾದ ನಿದರ್ಶನವಿದೆ. ವಿಯೆಟ್ನಾಂ ಯುದ್ಧಭೂಮಿಯಲ್ಲಿ ಹೆರಾಯಿನ್ನಿಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು ಅವರು ಸ್ವದೇಶಕ್ಕೆ ಮರಳಿದ ಮೇಲೆ 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ವಿದುಷಿಯು ಪರೀಕ್ಷಿಸಿದಾಗ, ಅವರಲ್ಲಿ ಬಹುಪಾಲು ಜನ ಆ ಚಟಕ್ಕೆ ಮರಳಿರಲಿಲ್ಲವೆಂಬುದು ಕಂಡುಬಂದಿತು. ಯುದ್ಧದ ಭೀತಿ, ಪರದೇಶದ ಏಕಾಕಿತನ, ಸುಲಭವಾಗಿ ದೊರೆಯುವ ಮಾದಕ ಇವು ಮೂರೂ ಹಿಂದುಳಿದವು; ಮನೆ, ನೆಂಟರು, ಉದ್ಯೋಗ ಮುಂದೆ ಬಂದವು. ಎಲ್ಲರೂ ಹೀಗೆ ಬಿಡಬಲ್ಲರೆಂದು ಇದರಿಂದ ಸಿದ್ಧವಾಗುವುದಿಲ್ಲ; ವ್ಯಸನವು ಮಿದುಳನ್ನೇ ಮಾರ್ಪಡಿಸುವ ರೋಗವಾಗಿ ಬೇರೂರಿದವರಿಗೆ ವೈದ್ಯಕೀಯ ಚಿಕಿತ್ಸೆಯಿಲ್ಲದೆ ಗತಿಯಿಲ್ಲ. ಆದರೆ ಮನೆಯೂ ದುಡಿಮೆಯೂ ಗೌರವವೂ ಚಿಕಿತ್ಸೆಯ ಹೊರಗಿನ ಅಲಂಕಾರಗಳಾಗಿರದೆ ಚಿಕಿತ್ಸೆಯ ಅಂಗಗಳೇ ಆಗಿವೆ ಎಂಬುದು ಮಾತ್ರ ಸಿದ್ಧವಾಗುತ್ತದೆ.

ನಮ್ಮ ದೇಶದಲ್ಲಿ ಆ ಚಿಕಿತ್ಸೆ ಎಷ್ಟು ಜನರಿಗೆ ಸಿಕ್ಕಿದೆ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನ ಮದ್ಯವನ್ನೂ, ಎರಡು ಕೋಟಿಗಿಂತ ಹೆಚ್ಚು ಜನ ಅಫೀಮು ಜಾತಿಯ ಪದಾರ್ಥಗಳನ್ನೂ ಬಳಸುತ್ತಾರೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ದೊರೆತುದು 38 ಜನರಲ್ಲಿ ಒಬ್ಬನಿಗೆ ಮಾತ್ರ. ಅಂಟು, ಥಿನ್ನರ್, ಪೆಟ್ರೋಲುಗಳಂತಹ ಪದಾರ್ಥಗಳ ಆವಿಯನ್ನು ಮೂಸುವ ಅಭ್ಯಾಸವಂತೂ ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚೆಂದು ಅದೇ ಸಮೀಕ್ಷೆ ಹೇಳುತ್ತದೆ. ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕುಳಿತು ಮೂಸುವ ಬಾಲಕನು, ಬೆನ್ನಟ್ಟಿದ ಪೊಲೀಸಿನವನಿಗೆ ಹೆದರಿ ಓಡಿದರೆ ಆ ಓಟದಲ್ಲಿಯೇ ಅವನ ಹೃದಯ ಹಠಾತ್ತನೆ ನಿಂತುಹೋಗಬಹುದೆಂದು ವೈದ್ಯರು ಬಲ್ಲರು. ಏಕೆಂದರೆ ಆ ಆವಿಯು ಹೃದಯವನ್ನು ಭಯದ ಉದ್ವೇಗಕ್ಕೆ ಅತಿಸೂಕ್ಷ್ಮವಾಗಿಸಿರುವುದು. ಗದರಿಕೆಯೂ ಪ್ರಾಣಾಂತಕವಾಗಬಲ್ಲ ಸ್ಥಿತಿಯಿದು. ಆ ಬಾಲಕನನ್ನು ಕೊಂದುದು ಸಲ್ಯೂಷನ್ನೇ, ಭಯವೇ, ಶಾಲೆಯಿಂದ ಅವನನ್ನು ಹೊರಗೆಳೆದ ದಾರಿದ್ರ್ಯವೇ ಎಂದು ಬೇರ್ಪಡಿಸಿ ಹೇಳಬಲ್ಲವರಾರು?

ಇಲ್ಲಿ ಎರಡು ಆಕ್ಷೇಪಣೆಗಳನ್ನು ಗೌರವದಿಂದ ಎದುರಿಸಬೇಕು. ಮೊದಲನೆಯದು: ಎಲ್ಲಕ್ಕೂ ಸಮಾಜವನ್ನೇ ಹೊಣೆಮಾಡಿದರೆ ವ್ಯಕ್ತಿಯ ಜವಾಬ್ದಾರಿ ಉಳಿಯುವುದೆಲ್ಲಿ? ಅದೇ ಬರ, ಅದೇ ಬಡತನವನ್ನುಂಡೂ ಒಂದು ಹನಿಯನ್ನೂ ಮುಟ್ಟದವರು ಊರಿನಲ್ಲಿಲ್ಲವೆ? ಉಂಟು, ಅವರ ಸಂಯಮಕ್ಕೆ ನಮಸ್ಕಾರ ಸಲ್ಲಬೇಕಾದುದೇ. ಆದರೆ ಬರಗಾಲದಲ್ಲಿ ಬಾವಿ ಬತ್ತದ ಒಂದು ಮನೆಯಿದ್ದಿತೆಂದ ಮಾತ್ರಕ್ಕೆ ಉಳಿದ ಮನೆಗಳ ಬಾಯಾರಿಕೆ ಅವರವರ ತಪ್ಪೆಂದು ಹೇಳಲಾದೀತೆ? ಮೊದಲ ಗುಟುಕು ಮನುಷ್ಯನ ಆಯ್ಕೆಯಾಗಿರಬಹುದು. ವ್ಯಸನವು ನೆಲೆಗೊಂಡ ಮೇಲೆ ಆಯ್ಕೆಯ ಶಕ್ತಿಯೇ ಕುಗ್ಗುವುದು. ಕುಸಿದುಬಿದ್ದ ಗಳಿಗೆಯಲ್ಲಿಯಂತೂ ಅವನ ಪಾಲಿಗೆ ಆಯ್ಕೆಯೇ ಇಲ್ಲ, ಆಗ ಆಯ್ದುಕೊಳ್ಳಬೇಕಾದವರು ಸುತ್ತ ನಿಂತವರು. ಅವನ ಜವಾಬ್ದಾರಿ ಮುಗಿದೆಡೆಯಲ್ಲಿ ನಮ್ಮದು ಪ್ರಾರಂಭವಾಗುವುದೆಂದಷ್ಟೇ ನನ್ನ ವಾದ.

ಎರಡನೆಯ ಆಕ್ಷೇಪಣೆ ಹೆಚ್ಚು ಬಲವಾದುದು: ದಯೆ ತೋರಿದರೆ ಚಟಕ್ಕೆ ಇಂಬು ಕೊಟ್ಟಂತಾಗುವುದು, ಕಠಿಣವಾದ ಶಿಕ್ಷೆಯೊಂದೇ ಮದ್ದು ಎಂಬುದು. ಈ ಮಾತಿನ ಹಿಂದೆ ನಮ್ಮ ಹೆಣ್ಣುಮಕ್ಕಳ ಕಣ್ಣೀರಿದೆಯೆಂಬುದನ್ನು ನಾನು ಮರೆಯಲಾರೆ. 2019ರ ಜನವರಿಯಲ್ಲಿ ರಾಜ್ಯದ ನಾನಾ ಜಿಲ್ಲೆಗಳ ಸಾವಿರಾರು ಮಹಿಳೆಯರು ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು ಇನ್ನೂರು ಕಿಲೋಮೀಟರು ನಡೆದರು. 1997ರವರೆಗೆ ಆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಜಗಳೂರಿನ ತಾಯಂದಿರಿಗೆ ಆ ನಡಿಗೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಿರಾಣಿ ಅಂಗಡಿಯಲ್ಲಿ, ಹೋಟೆಲಿನ ಹಿಂಬದಿಯಲ್ಲಿ ಬೆಳಗಿನ ಜಾವದಿಂದಲೇ ಮದ್ಯದ ಪ್ಯಾಕೆಟ್ಟು ಮಾರುವವರ ಮೇಲೆ, ಮಕ್ಕಳಿಗೆ ಗಾಂಜಾ ಮುಟ್ಟಿಸುವವರ ಮೇಲೆ, ಚೀಟಿಯಿಲ್ಲದೆ ಮಾತ್ರೆ ಕೊಡುವವರ ಮೇಲೆ ಕಾನೂನು ಎಷ್ಟು ಕಠಿಣವಾದರೂ ಅದು ಅತಿಯಾಗದು. ಆದರೆ ಮಾರುವವನಿಗೆ ಮೀಸಲಾಗಿರಬೇಕಾದ ಕಾಠಿಣ್ಯವನ್ನು ಸೇವಿಸಿ ನರಳುವವನ ಮೇಲೆ ಹೊರಿಸಿದರೆ, ಮೇಲೆ ವಿವರಿಸಿದಂತೆ ಅವನು ಮರೆಗೆ ಸರಿಯುವನು, ಒಂಟಿಯಾಗುವನು, ಸಾಯುವನು. ಪೋರ್ಚುಗಲ್ ದೇಶವು 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣದ ಮಾದಕವನ್ನು ಹೊಂದಿರುವವನನ್ನು ಸೆರೆಮನೆಗೆ ಅಟ್ಟುವುದನ್ನು ಬಿಟ್ಟು, ತಜ್ಞರ ಮಂಡಳಿಯ ಮುಂದೆ ಕಳುಹಿಸಿ ಚಿಕಿತ್ಸೆಗೆ ಹಚ್ಚುವ ಪದ್ಧತಿಯನ್ನು ತಂದಿತು. ಚಿಕಿತ್ಸೆಯ ಏರ್ಪಾಡನ್ನೂ ಜೊತೆಗೇ ವಿಸ್ತರಿಸಿತು. ಅದರ ಬಳಿಕ ಸೂಜಿಯಿಂದ ಹರಡುತ್ತಿದ್ದ ಎಚ್‌ಐವಿ ಸೋಂಕು ಅಲ್ಲಿ ಬಹಳವಾಗಿ ಇಳಿಯಿತು; ಅತಿಸೇವನೆಯ ಸಾವುಗಳು ಪಶ್ಚಿಮ ಯೂರೋಪಿನಲ್ಲಿಯೇ ಅತ್ಯಂತ ಕಡಿಮೆಯೆನಿಸಿದವುಗಳ ಸಾಲಿನಲ್ಲಿ ಉಳಿದವು.

ನಮ್ಮ ಶಾಸನಗಳಲ್ಲಿಯೂ ಈ ಕರುಣೆಯ ಬೀಜವಿಲ್ಲದಿಲ್ಲ. 1985ರ ಮಾದಕದ್ರವ್ಯ ಕಾಯಿದೆಯು ಸೇವನೆಯನ್ನು ಅಪರಾಧವೆಂದು ಹೇಳುವುದಾದರೂ, ಅದರ 64ಎ ವಿಧಿಯು ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆರೋಪವಿರುವ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯನ್ನು ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕಗಳ ದುರುಪಯೋಗದಿಂದಾಗುವ ಮಾನಸಿಕ ಅಸ್ವಸ್ಥತೆಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ಸರ್ಕಾರದ ವೆಚ್ಚದ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ಈ ಎರಡು ಸಂಗತಿಗಳನ್ನು ಪೊಲೀಸು ಠಾಣೆಯ ಗೋಡೆಯ ಮೇಲೂ ಗ್ರಾಮಪಂಚಾಯಿತಿಯ ಫಲಕದ ಮೇಲೂ ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕಾಗಿತ್ತು. ತಿಳಿಯದ ಹಕ್ಕಿನಿಂದ ಯಾರಿಗೂ ಪ್ರಯೋಜನವಿಲ್ಲ.

ಮಾಡಬೇಕಾದುದೇನೆಂಬುದಕ್ಕೆ ಮಾದರಿಯೂ ನಮ್ಮ ನೆರೆಯಲ್ಲಿಯೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿ, ರೋಗಿಯು ದೂರದ ಆಸ್ಪತ್ರೆಯನ್ನು ಅರಸಿ ಹೋಗುವ ಬದಲು ಚಿಕಿತ್ಸೆಯೇ ಅವನ ಊರಿನ ಸಮೀಪಕ್ಕೆ ಬರುವಂತೆ ಮಾಡಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಜಗಳೂರಿನ ಗಡಿಗೆ ತಾಗಿದ ಕೂಡ್ಲಿಗಿಯು ಆಗ ಸೇರಿದ್ದುದು ಆ ಬಳ್ಳಾರಿ ಜಿಲ್ಲೆಗೇ. ಅಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಪೂರ್ಣವಾಗಬಾರದು? ಬಿಳಿಚೋಡಿನಂತಹ ಊರಿನಲ್ಲಿ ಅರ್ಧರಾತ್ರಿ ಕುಸಿದವನು ದಾವಣಗೆರೆಯ ಜಿಲ್ಲಾ ಆಸ್ಪತ್ರೆಯನ್ನು ತಲುಪುವ ಮುನ್ನ ಕಳೆಯುವ ಹೊತ್ತೇ ಅವನ ಆಯುಷ್ಯವನ್ನು ನಿರ್ಣಯಿಸುವುದರಿಂದ, ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ಉಸಿರನ್ನು ಕಾಯುವ ಸಾಧನವೂ, ನಲಾಕ್ಸೋನ್ ಔಷಧವೂ, ಅವುಗಳನ್ನು ಬಳಸಬಲ್ಲ ಕೈಗಳೂ ಹಗಲಿರುಳು ಇರಬೇಕು. ಆಶಾ ಕಾರ್ಯಕರ್ತೆಯರಿಗೂ ಸ್ತ್ರೀಶಕ್ತಿ ಸಂಘದವರಿಗೂ ವಿಷಮದ್ಯದ ಮತ್ತು ಅತಿಸೇವನೆಯ ಲಕ್ಷಣಗಳನ್ನು ಕಲಿಸಬೇಕು. ಗುಳೆ ಹೋಗುವವರ ದುಡಿಮೆಯ ಸ್ಥಳಗಳಲ್ಲಿ ಕುಸಿದವನನ್ನು ಆಸ್ಪತ್ರೆಗೆ ಮುಟ್ಟಿಸುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಸ್ಪಷ್ಟವಾಗಿ ಹೊರಿಸಬೇಕು. ಇವಾವುವೂ ಕೋಟ್ಯಂತರ ರೂಪಾಯಿಗಳನ್ನು ಬೇಡುವ ಯೋಜನೆಗಳಲ್ಲ.

ಸರ್ಕಾರ ಮಾಡಬೇಕಾದುದು ಇಷ್ಟಾದರೆ, ಊರು ಮಾಡಬೇಕಾದುದು ಇದಕ್ಕಿಂತಲೂ ಕಡಿಮೆ ಖರ್ಚಿನದು, ಇದಕ್ಕಿಂತಲೂ ಕಷ್ಟದ್ದು. ಚಟದ ಮೇಲಿನ ನಮ್ಮ ಸಿಟ್ಟು ನ್ಯಾಯವಾದುದೇ; ಅದು ಹಾಗೆಯೇ ಇರಲಿ. ಆದರೆ ಆ ಸಿಟ್ಟು ಚಟದಲ್ಲಿ ಬಿದ್ದವನನ್ನು ಮನೆಯ ಜಗಲಿಯಿಂದ, ಊಟದ ಪಂಕ್ತಿಯಿಂದ, ಮದುವೆಯ ಮನೆಯಿಂದ ಹೊರಗೆ ದೂಡುವಷ್ಟು ಬೆಳೆಯದಿರಲಿ. ಹಾಗೆ ದೂಡಲ್ಪಟ್ಟವನು ಸೇರುವ ಸ್ಥಳ ಯಾವುದೆಂಬುದನ್ನೂ, ಅಲ್ಲಿ ಅವನಿಗಾಗಿ ಕಾದಿರುವುದೇನೆಂಬುದನ್ನೂ ನಾವು ನೋಡಿದ್ದಾಯಿತು. ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮ ಬೀದಿಯಲ್ಲಿ ಒಬ್ಬನು ಅಮಲಿನಲ್ಲಿ ಬಿದ್ದಿದ್ದರೆ ಅವನು ಒಳ್ಳೆಯವನೋ ಕೆಟ್ಟವನೋ ಎಂಬ ವಿಚಾರಣೆಯನ್ನು ನಾಳೆಗೆ ಇಟ್ಟುಕೊಳ್ಳಿರಿ, ಇಂದು ಅವನು ಉಸಿರಾಡುತ್ತಿರುವನೇ ಎಂದು ಬಗ್ಗಿ ನೋಡಿರಿ, ಪಕ್ಕಕ್ಕೆ ಹೊರಳಿಸಿರಿ, 108ಕ್ಕೆ ಕರೆಮಾಡಿರಿ, ವಾಹನ ಬರುವವರೆಗೆ ಅವನ ಬಳಿಯಲ್ಲಿಯೇ ಇರಿ. ಬದುಕಿ ಉಳಿದವನನ್ನು ತಿದ್ದಬಹುದು. ಸತ್ತವನನ್ನು ತಿದ್ದುವ ದಾರಿಯಿಲ್ಲ.